ಎದುರುಮನೆಯ ದೀಪಗಳು

ದೀಪದಕ್ಕ ಎಂದು ಅವಳಿಗೆ ಹೆಸರಿಟ್ಟವನು ಬೀದಿಯ ಮೂಲೆಯ ಇಸ್ತ್ರಿಯಂಗಡಿಯವನು. ಅವನೂ ಈಗ ದೇಶದಲ್ಲಿಲ್ಲ. ಹೆಸರು ಉಳಿಯಿತು, ಕರೆಯುವ ಬಾಯಿಗಳು ಕಡಿಮೆಯಾದವು, ಅಷ್ಟೆ. ಅವಳ ಕೆಲಸ ಹೆಸರಿಗೆ ತಕ್ಕದ್ದೇ: ಹೊತ್ತು ಮುಳುಗುತ್ತಲೇ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನಿರುವ ನಾಲ್ಕು ಮಹಡಿಯ ಕಟ್ಟಡದ ಒಂದೊಂದೇ ಮನೆಯ ಬಾಗಿಲು ತೆಗೆದು ದೀಪ ಹಾಕುವುದು. ಆ ಮನೆಗಳವರೆಲ್ಲ ಬೇರೆ ಬೇರೆ ದೇಶಗಳಿಗೆ ಹೋಗಿ ಕೂತಿದ್ದರು. ಮನೆ ಖಾಲಿ ಎಂದು ತಿಳಿದರೆ ಕಳ್ಳರು ಬರುತ್ತಾರೆ. ಬೀದಿಯೇ ಪಾಳು ಎಂದಾದರೆ ನಾಳೆ ಮಾರುವಾಗ ಬೆಲೆ ಬರುವುದಿಲ್ಲ. ಆದ್ದರಿಂದ ಒಳಗೆ ಜನ ಇದ್ದ ಹಾಗೆ ಕಾಣಿಸಬೇಕು. ಸಂಬಳ ಅದಕ್ಕೆ.

ಕೆಲಸದಲ್ಲಿ ಅವಳು ಚುರುಕು, ಅದಕ್ಕಿಂತ ಹೆಚ್ಚಾಗಿ ಕಿಲಾಡಿ. ಒಬ್ಬ ಮನೆಯೊಡೆಯ, ತಾನೇ ತಾನಾಗಿ ದೀಪ ಹಚ್ಚಿ ಆರಿಸುವ ಯಂತ್ರವೊಂದನ್ನು ಕಳಿಸಿದ್ದ. ದಿನಾ ಒಂದೇ ಹೊತ್ತಿಗೆ ದೀಪ ಹತ್ತುವುದು ಜೈಲಿನಲ್ಲಿ ಮಾತ್ರ ಎಂದು ಅವಳು ಅದನ್ನು ಅಟ್ಟಕ್ಕೆ ಎಸೆದಳು. ಸಂಸಾರವಂದಿಗರ ಮನೆ ಹಾಗಿರುತ್ತದೆಯೇ? ಒಂದು ದಿನ ಅಡುಗೆಮನೆಯ ದೀಪ ಮೊದಲು, ಇನ್ನೊಂದು ದಿನ ಬಚ್ಚಲಿನದು. ಮೂರನೆಯ ಮಹಡಿಯವರು ಜಗಳಗಂಟರಾಗಿದ್ದರು, ಅಲ್ಲಿ ಆಗಾಗ ಬಾಗಿಲನ್ನು ಧಡಾರನೆ ಹಾಕಬೇಕು. ಎರಡನೆಯ ಮಹಡಿಯಲ್ಲಿ ಶಾಲೆಗೆ ಹೋಗುವ ಹುಡುಗಿಯಿದ್ದಳು, ಪರೀಕ್ಷೆಯ ತಿಂಗಳಲ್ಲಿ ಆ ಕೋಣೆಯ ದೀಪ ತಡವಾಗಿ ಆರಬೇಕು. ಬಚ್ಚಲಿಗೆ ದಿನಾ ಒಂದು ಚೊಂಬು ನೀರು ಸುರಿಯದಿದ್ದರೆ ಮೋರಿಯ ವಾಸನೆ ಮೇಲೇರುತ್ತದೆ, ಫ್ಯಾನು ತಿರುಗಿಸದಿದ್ದರೆ ಕಚ್ಚಿಕೊಳ್ಳುತ್ತದೆ. ಹಗ್ಗದ ಮೇಲೆ ಒಣಹಾಕಲೆಂದೇ ಒಂದಿಷ್ಟು ಬಟ್ಟೆ ಇಟ್ಟುಕೊಂಡಿದ್ದಳು. ಯಾರೂ ತೊಡದ ಆ ಬಟ್ಟೆ ಒಗೆದು ಒಗೆದೇ ಬಣ್ಣಗೆಟ್ಟಿತ್ತು. ಏನೂ ಹಾಕದೆ ಮಿಕ್ಸಿಯನ್ನು ಗರ್ರೆನಿಸುತ್ತಿದ್ದಳು. ಇಷ್ಟೆಲ್ಲ ಮಾಡಿ ಬಾಗಿಲು ಎಳೆದುಕೊಳ್ಳುವಾಗ ಒಳಗಿನ ಕೋಣೆಯ ಕಡೆ ತಿರುಗಿ, ಬರ್ತೀನಿ ಎಂದು ಹೇಳುವುದೂ ರೂಢಿಯಾಗಿಬಿಟ್ಟಿತ್ತು.

ಜನ ಯಾಕೆ ಹೊರಟರು ಎಂಬುದು ಮಾತ್ರ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಯುದ್ಧವಿರಲಿಲ್ಲ, ಬರಗಾಲವಿರಲಿಲ್ಲ, ರೋಗರುಜಿನವಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿತ್ತು, ಶಾಲೆಯ ಗಂಟೆ ಹೊಡೆಯುತ್ತಿತ್ತು. ಆಮೇಲಾಮೇಲೆ ಬೀಗದಕೈ ಕೊಡಲು ಬಂದವರನ್ನು ಅವಳು ಕೇಳಿದ್ದಳು. ಇಲ್ಲಿ ಚೆನ್ನಾಗೇ ಇತ್ತು ಎನ್ನುತ್ತಿದ್ದರು ಎಲ್ಲರೂ. ಮತ್ಯಾಕೆ ಹೊರಟಿರಿ ಎಂದರೆ, ಪಕ್ಕದವರು ಹೋದರಲ್ಲ ಎನ್ನುತ್ತಿದ್ದರು. ಪಕ್ಕದವರು ಹೋಗುವಾಗ ಮೇಲಿನವರ ಕಡೆ ಕೈ ತೋರಿಸಿದ್ದರು. ಎಲ್ಲರಿಗಿಂತ ಮೊದಲು ಹೊರಟ ಮೇಲಿನವರನ್ನು ಕೇಳಬೇಕೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಅವಳ ಗಂಡ ಬಸ್ಸಿನ ಡ್ರೈವರ್. ಒಂದು ಕಾಲಕ್ಕೆ ಉಸಿರಾಡಲೂ ಜಾಗವಿಲ್ಲದ ಬಸ್ಸು ಅದು. ಈಗ ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿ, ಬಾಗಿಲು ತೆಗೆದು, ಯಾರೂ ಇಲ್ಲದಿದ್ದರೂ ನಾಲ್ಕು ಜನ ಹತ್ತುವಷ್ಟು ಹೊತ್ತು ಕಾದು ಮುಂದಕ್ಕೆ ಹೋಗುತ್ತಿದ್ದ. ಹಾಗೇ ಮಾಡಬೇಕೆಂದು ಡಿಪೋದಲ್ಲಿ ಹೇಳಿದ್ದರಂತೆ. ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡಲು ತನಗೆ ಹೆದರಿಕೆ ಎಂದು ಒಂದು ದಿನ ಅವಳಿಗೆ ಹೇಳಿದ. ಖಾಲಿ ಸೀಟಿಗೆ ಹೆದರುವ ಗಂಡಸನ್ನು ಎಲ್ಲೂ ಕಂಡಿಲ್ಲ ಎಂದು ಅವಳು ನಕ್ಕಳು. ಅವನು ನಗಲಿಲ್ಲ.

ಹೊರದೇಶದಲ್ಲಿದ್ದ ಅವನ ಅಣ್ಣ ಅಲ್ಲಿ ಲಾರಿ ಓಡಿಸುವ ಕೆಲಸ ನೋಡಿಟ್ಟಿದ್ದ. ಗಂಡ ಹೆಂಡತಿ ಇಬ್ಬರೂ ಹೋಗಬಹುದಿತ್ತು. ಅಂದಿನಿಂದ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು ಸಂಸಾರ. ದೂರದ ಬೆಟ್ಟ ನುಣ್ಣಗೆ ಎಂದು ಅವಳು. ಹತ್ತಿರದ ಬೆಟ್ಟದಲ್ಲಿ ನರಪಿಳ್ಳೆಯೂ ಇಲ್ಲವಲ್ಲ ಎಂದು ಅವನು. ಅವಳಿಗೆ ತನ್ನ ದೇಶ ಇಷ್ಟ, ಅದರಲ್ಲಿ ಮುಚ್ಚುಮರೆಯೇನಿಲ್ಲ. ಬೆಳಗಿನ ಬಿಸಿಲು ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಇಳಿಯುವುದು ಇಷ್ಟ. ಸಿಟ್ಟು ಬಂದಾಗ ಬಾಯ್ತುಂಬ ಬೈದರೆ ಎದುರಿನವರಿಗೆ ಪೂರ್ತಿ ಅರ್ಥವಾಗುವ ಜಾಗ ಲೋಕದಲ್ಲಿ ಇದೊಂದೇ ಎಂದು ಅವಳ ಲೆಕ್ಕ. ಅದಕ್ಕೂ ಎದುರಿನವರು ಅಂತ ಒಬ್ಬರು ಇರಬೇಕಲ್ಲ ಎಂದು ಗಂಡ ಹಂಗಿಸಿದ.

"ಯಾರಿದ್ದಾರೆ ಇಲ್ಲಿ? ಒಬ್ಬರನ್ನ ತೋರಿಸು ಸಾಕು."

ಅವಳು ಅವನ ತೋಳು ಹಿಡಿದು ಹಿಂದಿನ ಕಿಟಕಿಗೆ ಎಳೆದೊಯ್ದು ಎದುರಿನ ಕಟ್ಟಡವನ್ನು ತೋರಿಸಿದಳು.

ಆ ಕಟ್ಟಡದ ಬೆನ್ನು ಇವರ ಕಟ್ಟಡದ ಬೆನ್ನಿಗೆ ಎದುರಾಗಿತ್ತು. ನಡುವೆ ಒಂದು ಚರಂಡಿ, ಎತ್ತರದ ಗೋಡೆ. ಅದರ ಮುಂಬಾಗಿಲು ಆಚೆ ಬೀದಿಗಿದ್ದುದರಿಂದ ಅವಳು ಯಾವತ್ತೂ ಅಲ್ಲಿಗೆ ಹೋದವಳಲ್ಲ. ಆದರೆ ಅಲ್ಲಿನವರೆಲ್ಲ ಅವಳಿಗೆ ಕಿಟಕಿಯಿಂದಲೇ ಗೊತ್ತು. ಮೇಲಿನ ಮನೆಯಲ್ಲಿ ಸಂಜೆಯಾದರೆ ರೇಡಿಯೋ. ಕೆಳಗೆ ಯಾರೋ ಹೊಲಿಗೆ ಯಂತ್ರ ತುಳಿಯುವ ಸದ್ದು. ನಡುವಿನ ಮನೆಯ ಕಿಟಕಿಯಲ್ಲಿ ತಲೆಯವರೆಗೆ ಶಾಲು ಹೊದ್ದ ಒಬ್ಬ ಅಜ್ಜಿ. ದೀಪ ಹಾಕುವ ಹೊತ್ತಿಗೆ ಅವಳು ಅಜ್ಜಿಯ ಕಡೆ ನೋಡಿ ತಲೆಯಾಡಿಸುತ್ತಿದ್ದಳು, ಅಜ್ಜಿಯೂ ಆಡಿಸಿದಂತೆ ಕಾಣುತ್ತಿತ್ತು. ಇಷ್ಟು ಜನ ಇಷ್ಟವಿಲ್ಲದೆ ಇದ್ದಾರೆಯೇ ಎಂದು ಗಂಡನನ್ನು ಕೇಳಿದಳು. ಗಂಡ ಒಂದೊಂದು ಕಿಟಕಿಯನ್ನೂ ನೋಡಿದ. ಅವರಿರುವ ತನಕ ನಾವೂ ಇರೋಣ, ಅವರು ಹೊರಟರೆ ನಾವೂ ಹೊರಡುವುದೇ ಎಂದಷ್ಟು ಒಪ್ಪಿಕೊಂಡ.

ಅದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ಎದುರಿನ ಕಟ್ಟಡದಲ್ಲಿ ದೀಪಗಳು ಹತ್ತಲಿಲ್ಲ. ಒಂದೂ ಹತ್ತಲಿಲ್ಲ. ಮಬ್ಬಿನಲ್ಲಿ ಅಜ್ಜಿಯ ಆಕಾರ ಮಾತ್ರ ಕಿಟಕಿಯಲ್ಲಿ ಹಾಗೇ ಕೂತಿತ್ತು. ದೀಪದಕ್ಕ ತನ್ನ ಕಟ್ಟಡದ ಒಂದು ದೀಪವನ್ನೂ ಹಾಕದೆ, ಗೊಂಚಲು ಸೊಂಟದಲ್ಲಿ ಜಣಜಣಿಸುತ್ತ, ಮನೆಸಾಲನ್ನೆಲ್ಲ ಸುತ್ತಿಕೊಂಡು ಆಚೆ ಬೀದಿಗೆ ಓಡಿದಳು. ಮುಂಬಾಗಿಲು ತೆರೆದಿತ್ತು. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಒಂದು ವಾಸನೆ ಬಡಿಯಿತು, ಅವಳ ಕಾಲು ತಾನಾಗಿ ನಿಂತಿತು. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಜನವಿಲ್ಲದ ಮನೆಯ ಮೋರಿಯದು, ದಿನಾ ಚೊಂಬು ನೀರು ಸುರಿದು ಅವಳು ಓಡಿಸುತ್ತಿದ್ದದ್ದು.

ಮೊದಲ ಮಹಡಿಯ ಮೆಟ್ಟಿಲ ಮೇಲೆ ಒಬ್ಬ ಮುದುಕ ಕಾಲು ಚಾಚಿ ಕೂತಿದ್ದ. ಪಾದದ ಗಂಟು ಊದಿಕೊಂಡಿತ್ತು. ಮಡಿಲಲ್ಲಿ ಬೀಗದಕೈ ಗೊಂಚಲು. ಕೆಳಗಿನ ಮನೆಯ ದರ್ಜಿ ತಾನು, ಮಧ್ಯಾಹ್ನ ಕಾಲು ಉಳುಕಿತು, ಮೇಲೆ ಹತ್ತಲಾಗಲಿಲ್ಲ ಎಂದ. ಯಾರೋ ಒಬ್ಬರು ಬಂದರಲ್ಲ ಎಂದು ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ, ನೀನು ಯಾರು ಎಂದು ಕೇಳಲೂ ಮರೆತ. ಅಜ್ಜಿ ಎಲ್ಲಿ ಎಂದು ಅವಳು ಕೇಳಿದಳು. ದರ್ಜಿ ನಾಚಿಕೊಂಡವನ ಹಾಗೆ ಒಂದು ಬೀಗದಕೈ ಆರಿಸಿ ಕೊಟ್ಟು, ಮೇಲಿನ ಬಾಗಿಲು ತೋರಿಸಿದ.

ಒಳಗೆ ಕುರ್ಚಿ ಮಂಚಗಳ ಮೇಲೆಲ್ಲ ಬಿಳಿ ಬಟ್ಟೆ ಮುಚ್ಚಿತ್ತು. ಕಿಟಕಿಯ ಬಳಿ ಅಂಗಿ ತೊಡಿಸಿ ಅಳತೆ ನೋಡುವ ದರ್ಜಿಯ ಬೊಂಬೆಯೊಂದು ಶಾಲು ಹೊದ್ದು ಕೂತಿತ್ತು. ತಲೆಯ ಜಾಗದಲ್ಲಿ ಸುತ್ತಿದ ಟವೆಲು. ಅವಳು ಇಷ್ಟು ವರ್ಷ ತಲೆಯಾಡಿಸಿದ್ದು ಇದಕ್ಕೆ. ಬೊಂಬೆಯ ಭುಜದ ಮೇಲಿಂದ ನೋಡಿದರೆ ಚರಂಡಿಯ ಆಚೆ ತನ್ನದೇ ಕಟ್ಟಡ, ಮೇಲಿನಿಂದ ಕೆಳಗಿನವರೆಗೆ ಕಪ್ಪಾಗಿ ನಿಂತಿತ್ತು. ತನ್ನ ಮನೆ ಇಷ್ಟು ಭಯಂಕರವಾಗಿರುತ್ತದೆಂದು ಅವಳಿಗೆ ತಿಳಿದೇ ಇರಲಿಲ್ಲ.

ಕೆಳಗಿಳಿದು ಬಂದಾಗ ದರ್ಜಿ ತಾನಾಗಿಯೇ ಎಲ್ಲ ಹೇಳಿದ. ಇಲ್ಲಿಯೂ ಯಾರೂ ಇಲ್ಲ. ಮನೆಯೊಡೆಯರು ಒಂದೊಂದು ಬೀಗದಕೈ ತಮ್ಮಲ್ಲಿಟ್ಟುಕೊಂಡು ಇನ್ನೊಂದನ್ನು ಕೊಟ್ಟು ಹೋಗಿದ್ದಾರೆ, ದೀಪ ತಾನೇ ಹಾಕುವುದು, ರೇಡಿಯೋ ತನ್ನದೇ, ಹೊಲಿಯಲು ಬಟ್ಟೆ ಇಲ್ಲದಿದ್ದರೂ ಯಂತ್ರ ತುಳಿಯುತ್ತೇನೆ. ಹೊರದೇಶದಲ್ಲಿರುವ ಮಗಳು ಬಾ ಬಾ ಎಂದು ಕರೆಯುತ್ತಾಳೆ. ಮುಂದಿನ ವಾರ ಬಂದೇ ಬಿಡುತ್ತಾಳಂತೆ, ಕೈ ಹಿಡಿದು ಕರೆದೊಯ್ಯುತ್ತಾಳಂತೆ. ತಾನು ಹೋಗುವವನಲ್ಲ.

"ಇಲ್ಲಿ ಅಷ್ಟೊಂದು ಇಷ್ಟಾನಾ ತಾತ?"

"ಇಷ್ಟಾನೋ ಇಲ್ವೋ ಯಾರು ನೋಡಿದ್ರು ತಾಯಿ? ಹಿಂದುಗಡೆ ಆ ಕಟ್ಟಡದಲ್ಲಿ ಅಷ್ಟು ಸಂಸಾರ ಇದಾವಲ್ಲ. ಇಷ್ಟ ಇಲ್ದೆ ಇರ್ತಾರಾ? ಅವರೆಲ್ಲ ಇರುವಾಗ ನಾನೊಬ್ಬ ಯಾಕೆ ಹೋಗ್ಲಿ ಅಂತ ಮಗಳಿಗೆ ಹೇಳಿದೀನಿ." ಆಮೇಲೆ ಮೆಟ್ಟಿಲ ಪಕ್ಕದ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿ ಸೇರಿಸಿದ: "ಇವತ್ತು ಯಾಕೋ ಅವರೂ ದೀಪ ಹಾಕಿಲ್ಲ. ಎರಡನೇ ಮಹಡಿ ಮಗು ಓದ್ಕೋಬೇಕು ಪಾಪ, ಪರೀಕ್ಷೆ ಹತ್ತಿರ ಬಂತು."

ದೀಪದಕ್ಕ ಹೂಂ ಎಂದುಬಿಟ್ಟರೆ ಮುಗಿಯಿತು. ಓಡಿ ಹೋಗಿ ದೀಪ ಹಾಕಿದರೆ ದರ್ಜಿ ಇಲ್ಲೇ ಉಳಿಯುತ್ತಾನೆ, ಗಂಡನೂ ಉಳಿಯುತ್ತಾನೆ. ಆದರೆ ಆ ಊದಿದ ಕಾಲು ಕಣ್ಣೆದುರಿಗೇ ಇತ್ತು. ತಾನು ಬರದಿದ್ದರೆ ಈ ಮನುಷ್ಯ ಬೆಳಗಿನ ತನಕ ಇಲ್ಲೇ ಕೂತಿರುತ್ತಿದ್ದ. ಕೂಗಿದರೆ ಕೇಳಿಸಿಕೊಳ್ಳಲು ಯಾರಿದ್ದರು?

"ಮಗು ಇಲ್ಲ ತಾತ. ಅಲ್ಲಿ ಯಾರೂ ಇಲ್ಲ. ದೀಪ ನಾನೇ ಹಾಕೋದು," ಎಂದು ಸೊಂಟದ ಗೊಂಚಲು ಬಿಚ್ಚಿ ತೋರಿಸಿದಳು.

ದರ್ಜಿ ಅವಳ ಗೊಂಚಲನ್ನೂ ತನ್ನ ಗೊಂಚಲನ್ನೂ ಅಕ್ಕಪಕ್ಕ ಹಿಡಿದು ನೋಡಿದ.

"ಹಾಗಾದ್ರೆ ಇಷ್ಟು ದಿನ ನಾನು ದೀಪ ಹಾಕಿ ತೋರಿಸಿದ್ದು ಯಾರಿಗೆ?"

"ನನಗೆ," ಎಂದಳು ಅವಳು. ಹೇಳುವಾಗ ಅಳು ಬಂತು, ತಡೆದುಕೊಳ್ಳಲಿಲ್ಲ.

ಮುಂದಿನ ವಾರ ಮಗಳು ಬಂದಳು, ದರ್ಜಿ ಮರುಮಾತಿಲ್ಲದೆ ಹೊರಟ. ಹೋಗುವಾಗ ಗೊಂಚಲನ್ನು ದೀಪದಕ್ಕನ ಕೈಗಿಟ್ಟು, ಇಲ್ಲಿ ಚೆನ್ನಾಗೇ ಇತ್ತು ಎಂದ. ನಿಜ ಹೇಳಿದ್ದಕ್ಕೆ ಅವಳಿಗೆ ಸಿಕ್ಕ ಬಹುಮಾನ ಅದು. ಗಂಡನಿಗೂ ಅವಳು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಸುಳ್ಳು ಹೇಳಿದವಳಲ್ಲ. ಅವನು ಗೆದ್ದೆನೆಂದು ಕುಣಿಯಲಿಲ್ಲ. ಬಟ್ಟೆ ತುಂಬಿಕೋ ಎಂದಷ್ಟೇ ಹೇಳಿದ. ಅವಳು ತುಂಬಿಕೊಳ್ಳಲಿಲ್ಲ. ಒಪ್ಪಂದ ಮಾಡಿದ್ದೆಯಲ್ಲ ಎಂದರೆ ಹೌದು ಎಂದಳು. ಯಾರಿಗಾಗಿ ಇರ್ತೀಯಾ ಎಂದರೆ ಗೊತ್ತಿಲ್ಲ ಎಂದಳು. ಹೆಣಕ್ಕೆ ಸಿಂಗಾರ ಮಾಡ್ತಾ ಕೂತ್ಕೋ ಹಾಗಾದ್ರೆ ಎಂದು ಬೈದ, ಆಮೇಲೆ ಬಾಗಿಲ ಚಿಲಕ ಸಡಿಲವಾಗಿದೆಯೆಂದು ಅದನ್ನು ಬಿಗಿ ಮಾಡಿಕೊಟ್ಟು, ಅಣ್ಣನಿದ್ದಲ್ಲಿಗೆ ಹೊರಟುಹೋದ.

ಈಗ ಅವಳಿಗೆ ಎರಡು ಕಟ್ಟಡಗಳ ಕೆಲಸ. ಬೆಳಕಿರುವಾಗಲೇ ಆಚೆ ಬೀದಿಗೆ ಹೋಗಿ, ದರ್ಜಿಯ ಕಟ್ಟಡದ ದೀಪಗಳನ್ನು ಹಾಕಿ, ರೇಡಿಯೋ ತಿರುಗಿಸಿ, ಮೋರಿಗಳಿಗೆ ನೀರು ಸುರಿದು, ಮನೆಸಾಲು ಸುತ್ತಿಕೊಂಡು ತನ್ನ ಕಟ್ಟಡಕ್ಕೆ ಬರುವಳು. ಕಿಟಕಿಯಲ್ಲಿ ಕೂತು ನೋಡಿದರೆ ಎದುರುಮನೆ ತುಂಬಿದ ಹಾಗೆ ಕಾಣುತ್ತಿತ್ತು. ತಾನೇ ಹಾಕಿ ಬಂದ ದೀಪವೆಂದು ಗೊತ್ತಿದ್ದೂ ಮನಸ್ಸಿಗೆ ಹಾಯೆನಿಸುತ್ತಿತ್ತು. ಅದು ಅವಳಿಗೇ ಹೆದರಿಕೆ ಹುಟ್ಟಿಸಿತು. ಬೊಂಬೆಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಗಂಡ ಫೋನು ಮಾಡುತ್ತಿದ್ದ. ಮೊದಮೊದಲು ಅಲ್ಲಿನ ರಸ್ತೆಗಳ ಅಗಲ, ಅಂಗಡಿಗಳ ಬೆಳಕು. ಬರಬರುತ್ತ ಮಾತು ಸೊರಗಿತು. ಅಲ್ಲಿ ಎಲ್ಲಿ ನೋಡಿದರೂ ಜನ, ಆದರೆ ಯಾರೂ ಯಾರ ಕಿಟಕಿಯನ್ನೂ ನೋಡುವುದಿಲ್ಲವಂತೆ. ಬಾಯಿ ತಪ್ಪಿ ಬೈದರೆ ಯಾರಿಗೂ ತಿಳಿಯುವುದಿಲ್ಲವಂತೆ. ಒಂದು ದಿನ ಜ್ವರ ಬಂದು ಅವಳಿಗೆ ಮಂಚದಿಂದ ಏಳಲಾಗಿರಲಿಲ್ಲ. ಎರಡು ಗೊಂಚಲುಗಳೂ ಮೇಜಿನ ಮೇಲಿದ್ದವು. ಸಂಜೆಯಾಯಿತು. ತನ್ನ ಕೋಣೆಯ ದೀಪವನ್ನೂ ಹಾಕದೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಳು. ಎದುರಿನ ಕಟ್ಟಡ ಪೂರ್ತಿ ಕತ್ತಲು. ಆಗ ಫೋನು ಬಂತು.

ಅವನು ಊರಿನ ಸುದ್ದಿ ಕೇಳಲಿಲ್ಲ. ಆರೋಗ್ಯವನ್ನೂ ಕೇಳಲಿಲ್ಲ.

"ನನಗಿಲ್ಲಿ ಆಗ್ತಾ ಇಲ್ಲ ಕಣೇ. ವಾಪಸ್ ಬರೋಣ ಅನ್ಸತ್ತೆ. ಆದ್ರೆ ಆ ಖಾಲಿ ಬಸ್ಸು ನನ್ನಿಂದ ಇನ್ನು ಓಡಿಸಕ್ಕಾಗಲ್ಲ. ನಿಜ ಹೇಳು, ನೀನು ಸುಳ್ಳು ಹೇಳಲ್ಲ. ಅಲ್ಲಿ ಯಾರಾದ್ರೂ ಇದ್ದಾರಾ? ಒಬ್ಬರಿದ್ರೂ ಸಾಕು, ಬಂದ್ಬಿಡ್ತೀನಿ."

ಅವಳಿಗೆ ಅವನು ಬೇಕಾಗಿತ್ತು. ಲೋಕದಲ್ಲಿ ಇನ್ನೇನೂ ಅಷ್ಟು ಬೇಕಾಗಿರಲಿಲ್ಲ. ಆದರೆ ಬಾ ಎಂದರೆ ಅವನಿಗೆ ಇಲ್ಲಿ ಏನು ಕಾದಿದೆ ಎಂಬುದೂ ಗೊತ್ತಿತ್ತು. ಇಲ್ಲ ಎನ್ನಬೇಕೆಂದು ಬಾಯಿ ತೆರೆದಳು.

ಎದುರಿನ ಕಟ್ಟಡದ ಮೇಲಿನ ಮನೆಯಲ್ಲಿ ದೀಪ ಹತ್ತಿತು. ಮೊದಲು ಅಡುಗೆಮನೆಯದು, ಆಮೇಲೆ ಹಿಂದಿನ ಕೋಣೆಯದು. ಅವಳು ಮೇಜಿನ ಮೇಲೆ ಕೈಯಾಡಿಸಿ ಗೊಂಚಲುಗಳನ್ನು ಮುಟ್ಟಿದಳು. ಎರಡೂ ಅಲ್ಲೇ ಇದ್ದವು. ಎದುರಿನ ಕಿಟಕಿಯ ಪರದೆಯನ್ನು ಯಾರೋ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಈ ಕಡೆ ಜನ ಇದ್ದಾರೋ ಇಲ್ಲವೋ ಎಂದು ನೋಡುವವರ ಹಾಗೆ ನಿಂತರು.

"ಕೇಳಿಸ್ತಾ ಇದೆಯಾ?" ಎಂದ ಗಂಡ.

ಅವಳು ಗೋಡೆ ಹಿಡಿದು ಎದ್ದು, ಅವರಿಗೆ ಕಾಣಲೆಂದು ತನ್ನ ಕೋಣೆಯ ದೀಪ ಹಾಕಿದಳು.

"ಇದ್ದಾರೆ ಕಣ್ರೀ," ಎಂದಳು. "ಬನ್ನಿ."