ಅಣ್ಣನ ಕುರ್ಚಿ, ನಾನು ಮುಟ್ಟಿದ ಭಂಡಾರ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಅದರಿಂದ ಮನೆಯಲ್ಲಿ ನಾಲ್ಕು ಪಾತ್ರೆ ಸೊಟ್ಟಗಾದದ್ದು ಬಿಟ್ಟರೆ ದೊಡ್ಡ ನಷ್ಟವೇನೂ ಆಗಿರಲಿಲ್ಲ. ಐದು ವರ್ಷದ ಹಿಂದೆ ಮಮದಾಪುರದಲ್ಲಿ ಅದೇ ಸಿಟ್ಟಿನಲ್ಲಿ ದೇವರ ಭಂಡಾರ ಮುಟ್ಟಿ ಆಣೆ ಮಾಡಿದೆ. ಅವತ್ತಿನಿಂದ ಹೆದರಿಕೊಂಡೇ ಬದುಕಿದ್ದೇನೆ. ತಿಕೋಟಾದ ಜನ ನನ್ನನ್ನು ಗಟ್ಟಿ ಹೆಂಗಸು ಅನ್ನುತ್ತಾರೆ. ಅವರ ಅಭಿಪ್ರಾಯವನ್ನು ನಾನ್ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೇನೆ.

ಮೊದಲು ಅಣ್ಣನ ವಿಷಯ ಹೇಳಬೇಕು. ಅಣ್ಣ ಈಗ ಪಕ್ಷದ ರಾಜ್ಯಾಧ್ಯಕ್ಷ. ಅದಕ್ಕೂ ಮುಂಚೆ ಎರಡು ಸಲ ಶಾಸಕ. ಅದಕ್ಕೂ ಮುಂಚೆ ಬಬಲೇಶ್ವರದ ದನದ ದವಾಖಾನೆಯಲ್ಲಿ ಕಂಪೌಂಡರ್. ಸೈಕಲ್ಲಿನ ಹಿಂದೆ ಔಷಧದ ಪೆಟ್ಟಿಗೆ ಕಟ್ಟಿಕೊಂಡು ಜೈನಾಪುರ, ಕಾಖಂಡಕಿ, ಮಮದಾಪುರ ತಿರುಗುತ್ತಿದ್ದ. ಅವನಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ದನಗಳು ನೆನಪಿರುತ್ತಿದ್ದವು. "ಎಮ್ಮಿ ಕರ ಅಡ್ಡ ಸಿಕ್ಕಿತ್ತಲ್ಲ, ಆ ಮನಿಯವ್ರು" ಎಂದೇ ಗುರುತು ಹೇಳುತ್ತಿದ್ದ. ನೌಕರಿ ಬಿಟ್ಟು ಎಲೆಕ್ಷನ್ನಿಗೆ ನಿಂತಾಗ, ದನಕ್ಕ ಸೂಜಿ ಹಾಕಾಂವ ಸರಕಾರಕ್ಕ ಹಾಕಾಕ ಹೊಂಟಾನ ಎಂದು ಊರೆಲ್ಲ ನಕ್ಕಿತು. ಆ ಸಲ ಸೋತ. ಎರಡನೆಯ ಸಲ ಪ್ರತಿ ಮನೆಗೆ ಹೋದಾಗಲೂ ಮೊದಲು ದನದ ಕೊಟ್ಟಿಗೆಗೆ ಹೋಗಿ, ಆಮೇಲೆ ಪಡಸಾಲೆಗೆ ಬಂದು ಓಟು ಕೇಳಿದ. ಗೆದ್ದ.

ನನ್ನ ಗಂಡ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ತಿಕೋಟಾದ ಮನೆಯಲ್ಲಿ ನಾನು ಮತ್ತು ಒಬ್ಬನೇ ಮಗ. ಅಣ್ಣ ಬೆಂಗಳೂರು ಹಿಡಿದ ಮೇಲೆ ಕ್ಷೇತ್ರದ ಜನ ನಮ್ಮ ಮನೆಯ ಕಟ್ಟೆ ಹಿಡಿದರು. ಪಿಂಚಣಿ, ರೇಷನ್ ಕಾರ್ಡು, ಮಾಸ್ತರರ ವರ್ಗಾವಣೆ, ಗಂಡ ಹೆಂಡಿರ ಜಗಳ, ಎಲ್ಲ ನನ್ನ ಮುಂದೆ. ಅಕ್ಕಾರು ಅಂದರೆ ಅರ್ಧ ಶಾಸಕರು ಎಂದು ಜನ ಆಡಿಕೊಂಡರು. ನನಗೂ ಒಳಗೊಳಗೆ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ.

ಅಣ್ಣನ ಜೊತೆ ಕಂಪೌಂಡರ್ ಕಾಲದಿಂದ ಇದ್ದವನು ಮಮದಾಪುರದ ಒಬ್ಬ ಕುರಿಗಾರ. ಅಣ್ಣ ಸೂಜಿ ಹಾಕುವಾಗ ಕುರಿಯನ್ನು ಒತ್ತಿ ಹಿಡಿಯುತ್ತಿದ್ದವನು, ಆಮೇಲೆ ಬಾವುಟ ಹಿಡಿದ, ಮೈಕ್ ಹಿಡಿದ, ಬೂತ್ ಹಿಡಿದ. ಅಣ್ಣನಿಗಿಂತ ಚೆನ್ನಾಗಿ ಕ್ಷೇತ್ರ ಅವನಿಗೆ ಗೊತ್ತು. ತನಗಾಗಿ ಏನನ್ನೂ ಕೇಳಿದವನಲ್ಲ. ಕೇಳಿದ್ದು ಅವನ ತಾಯಿ.

ಅಣ್ಣನ ಮೂರನೆಯ ಎಲೆಕ್ಷನ್ ಅದು. ಎದುರು ಪಕ್ಷದವರು ಕುರಿಗಾರರ ಓಣಿಗಳಲ್ಲಿ ಜನರಿಂದ ಭಂಡಾರ ಮುಟ್ಟಿಸುತ್ತಿದ್ದಾರೆ ಎಂದು ಸುದ್ದಿ ಬಂತು. ಭಂಡಾರವೆಂದರೆ ಬೀರದೇವರ ಗುಡಿಯ ಅರಿಶಿನ ಪುಡಿ. ಅದನ್ನು ಮುಟ್ಟಿ ಕೊಟ್ಟ ಮಾತು ತಪ್ಪಿದರೆ ಮನೆತನ ಉಳಿಯುವುದಿಲ್ಲ ಎಂದು ನಮ್ಮ ಕಡೆ ಓದಿದವರೂ ನಂಬುತ್ತಾರೆ. ನಾನು ಜೀಪು ಹತ್ತಿ ಮಮದಾಪುರಕ್ಕೆ ಹೋದೆ. ಗುಡಿಯ ಮುಂದೆ ಹೆಂಗಸರು ಸೇರಿದ್ದರು. ಆ ಕುರಿಗಾರನ ತಾಯಿ ನಡುವೆ ಕೂತಿದ್ದಳು.

"ನಾವು ನಿಮ್ಮ ಕಡೆನ ಅದೀವಿ ಯವ್ವಾ," ಅಂದಳು. "ಆದ್ರ ನನ್ನ ಮಗ ಸಾಯೂತನಕ ಬಾವುಟನ ಹಿಡೀಬೇಕೇನು? ನಿಮ್ಮಣ್ಣ ದೊಡ್ಡ ಜಾಗಾಕ್ಕ ಹೋದ ಮ್ಯಾಲೆ ಈ ಕುರ್ಚಿ ಯಾರಿಗಿ?"

"ನಿನ್ನ ಮಗಗನ ಆಯಿ. ಮತ್ಯಾರಿಗಿ?" ಅಂದೆ.

"ಬಾಯಿಮಾತು ಗಾಳ್ಯಾಗ ಹೋಗತೈತಿ," ಎಂದು ಹಿಂದಿನಿಂದ ಯಾರೋ ಅಂದರು. ಇನ್ಯಾರೋ ನಕ್ಕರು. ಆ ನಗು ಕೇಳಿ ನನಗೆ ಮೈ ಉರಿದುಹೋಯಿತು. ಗುಡಿಯ ಮುಂದೆ ತಟ್ಟೆಯಲ್ಲಿ ರಾಶಿ ಹಾಕಿದ್ದ ಭಂಡಾರದೊಳಗೆ ಮಣಿಕಟ್ಟಿನವರೆಗೆ ಕೈ ಊರಿ, "ಅಣ್ಣ ದೊಡ್ಡ ಜಾಗಾಕ್ಕ ಹೋದ ದಿನ ಈ ಕ್ಷೇತ್ರ ನಿನ್ನ ಮಗಂದು. ಮಾತು ತಪ್ಪಿದ್ರ ನನ್ನ ಮಗನ ಮ್ಯಾಲೆ ಬರ್ಲಿ" ಅಂದುಬಿಟ್ಟೆ.

ನಗು ನಿಂತಿತು. ಓಟು ಹಾಕುವವರಿಂದ ಭಂಡಾರ ಮುಟ್ಟಿಸುವುದು ಎಲ್ಲ ಪಕ್ಷದವರೂ ಮಾಡುವ ಕೆಲಸ. ಓಟು ಹಾಕಿಸಿಕೊಳ್ಳುವವರ ಪೈಕಿ ತಾವೇ ಮುಟ್ಟಿದ ದಡ್ಡಿ ನಾನೊಬ್ಬಳೇ ಇರಬೇಕು. ಅದೂ ನನ್ನದಲ್ಲದ ಕುರ್ಚಿಗೆ, ನನ್ನ ಮಗನ ಮೇಲೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಜೀಪಿನಲ್ಲಿ ಕೂತು ಹಳದಿ ಕೈಯನ್ನು ಸೆರಗಿಗೆ ಒರೆಸುತ್ತಲೇ ಊರು ಮುಟ್ಟಿದೆ.

ಅಣ್ಣ ಗೆದ್ದ. ಮಮದಾಪುರದ ಓಟು ಎಣಿಸುವವರೆಗೂ ಹಿಂದಿದ್ದವನು ಆಮೇಲೆ ಮುಂದೆ ಬಂದ. ನಾನು ಆಣೆಯ ವಿಷಯ ಅವನಿಗೆ ಹೇಳಲಿಲ್ಲ. ಅವನು ಇಂಥವಕ್ಕೆಲ್ಲ ನಗುವವನು. ಕುರಿಗೆ ರೋಗ ಬಂದರೆ ಭಂಡಾರ ಹಚ್ಚಬೇಡಿ, ನನ್ನನ್ನು ಕರೆಯಿರಿ ಎಂದು ಬೈಯುತ್ತಾ ತಿರುಗಿದವನು.

ಮಗ ವಿಜಯಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ. ದಿನಾ ಬೈಕಿನಲ್ಲಿ ಹೋಗಿ ಬರುವುದು. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು ರಸ್ತೆ ತುಂಬಾ ಬರುವ ಕಾಲದಲ್ಲಿ, ಸಂಜೆ ಆರಾದರೆ ಕಟ್ಟೆಯ ಮೇಲೆ ಕೂತ ಜನರ ಅರ್ಜಿಯ ಒಂದಕ್ಷರವೂ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅವನು ಫೋನು ಎತ್ತದಿದ್ದರೆ ಎತ್ತುವವರೆಗೂ ಮಾಡುತ್ತಿದ್ದೆ. "ಯವ್ವಾ, ಗಾಡಿ ಹೊಡೀವಾಗ ಫೋನ್ ಎತ್ತಿದ್ರನ ಸಾಯೂದು," ಎಂದು ಅವನು ಬೈಯುತ್ತಿದ್ದ. ಸಾಯುವುದು ಅನ್ನಬೇಡ ಎಂದು ನಾನು ಅವನಿಗಿಂತ ಜೋರಾಗಿ ಬೈಯುತ್ತಿದ್ದೆ.

ಅಣ್ಣ ಅಧ್ಯಕ್ಷನಾದ ಸುದ್ದಿ ಕಳೆದ ವರ್ಷ ಬಂತು. ಬಬಲೇಶ್ವರದಲ್ಲಿ ಪಟಾಕಿ, ತಿಕೋಟಾದಲ್ಲಿ ಪಟಾಕಿ, ವಿಜಯಪುರದಲ್ಲಿ ಮೆರವಣಿಗೆ. ಮನೆಗೆ ಬಂದವರು ನನ್ನ ಬಾಯಿಗೂ ಪೇಡೆ ಇಟ್ಟರು. ದೊಡ್ಡ ಜಾಗ ಬಂದಾಯಿತು, ಇನ್ನು ಲೆಕ್ಕ ನನ್ನದು ಅಂದುಕೊಂಡೆ. ಮಮದಾಪುರದ ಆ ಕುರಿಗಾರನೂ ಬಂದಿದ್ದ. ಅಣ್ಣನ ಫೋಟೋಕ್ಕೆ ಹಾರ ಹಾಕಿ, ನನಗೆ ಕೈ ಮುಗಿದು ಹೋದ.

ಈ ಚಳಿಗಾಲದಲ್ಲಿ ಅಣ್ಣ ತಿಕೋಟಾಕ್ಕೆ ಬಂದ. ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ತಿನ್ನುತ್ತಾ, ಉಪ್ಪು ಕೇಳಿದಷ್ಟೇ ಸಲೀಸಾಗಿ, "ಈ ಸಲ ನಾ ನಿಲ್ಲಾಂಗಿಲ್ಲ ತಂಗಿ. ರಾಜ್ಯ ಎಲ್ಲಾ ತಿರುಗಬೇಕು. ದಿಲ್ಲಿಗೆ ನಿನ್ನ ಹೆಸರು ಕಳಸಾಂವ ಅದೀನಿ" ಅಂದ.

ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದೆ. "ಮಮದಾಪುರದಾಂವ ಅದಾನಲ್ಲ ಅಣ್ಣ," ಅಂದೆ.

"ಒಳ್ಳೆ ಹುಡುಗ. ಆದ್ರ ಅಂವ ಬಾವುಟ ಹಿಡಿಯಾಕ ಚಲೋ."

ಹೇಳಬೇಕಾಗಿದ್ದದ್ದು ಆಗ. ಇನ್ನೊಂದು ರೊಟ್ಟಿ ಬಡಿಸಿದೆ. ಊರಿನ ಗಂಡಸರ ಮುಂದೆ ಗುಡುಗುವ ನಾನು ನನ್ನ ಅಣ್ಣನ ಮುಂದೆ ಕಳ್ಳಿಯ ಹಾಗೆ ತಲೆ ತಗ್ಗಿಸಿದೆ. ಅವನು ನಗುತ್ತಾನೆ ಎಂಬ ಹೆದರಿಕೆ ಒಂದು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ: ಶಾಸಕಿ ಎಂಬ ಮಾತು ಕೇಳಿ ಒಂದು ಕ್ಷಣ ನನಗೆ ಆಸೆಯಾಯಿತು. ಆ ಆಸೆಗೆ ನನಗೆ ಭಂಡಾರಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಎಂಟು ದಿನ ಕಳೆದಿರಲಿಲ್ಲ. ಮಗ ಆಸ್ಪತ್ರೆಯಿಂದ ಬರುವಾಗ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಬೈಕು ಜಾರಿ ಬಿದ್ದ. ಫೋನು ಮಾಡಿದವರು "ಗಾಬರಿ ಆಗಬ್ಯಾಡ್ರಿ ಅಕ್ಕಾರ" ಎಂದು ಶುರು ಮಾಡಿದರು. ಅದರ ಮುಂದಿನದು ನನಗೆ ಕೇಳಿಸಲೇ ಇಲ್ಲ. ವಿಜಯಪುರ ಮುಟ್ಟುವವರೆಗೆ ಕಾರಿನಲ್ಲಿ ನಾನು ಹೆಸರಿಲ್ಲದ ದೇವರಿಗೂ ಹರಕೆ ಹೊತ್ತೆ. ಕಾಲಿನ ಎಲುಬು ಮುರಿದಿತ್ತು, ಅಷ್ಟೇ. ಅಷ್ಟೇ ಎಂದು ಡಾಕ್ಟರು ಅಂದರು. ಇದು ಬರೀ ಎಚ್ಚರಿಕೆ ಎಂದು ನನಗೆ ಗೊತ್ತಿತ್ತು.

ಮರುದಿನ ಅಣ್ಣ ಪ್ರವಾಸ ಬಿಟ್ಟು ಬಂದ. ಅಳಿಯನ ಪ್ಲಾಸ್ಟರು ಹಾಕಿದ ಕಾಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತ. ಫೋನು ಬಂದರೂ ಎತ್ತಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ತಿರುಗಾಟದ ದಣಿವು ಅಂದುಕೊಂಡೆ.

ಮಗನನ್ನು ಮನೆಗೆ ಕರೆತಂದ ಮೇಲೆ ನಾನು ಒಬ್ಬಳೇ ಮಮದಾಪುರದ ಬಸ್ಸು ಹಿಡಿದೆ. ಜೀಪಿನಲ್ಲಿ ಹೋಗಿ ಆಣೆ ಮಾಡಿದವಳು ಬಸ್ಸಿನಲ್ಲಿ ಹೋಗಿ ಬಿಡಿಸಿಕೊಂಡು ಬರಬೇಕು ಅನ್ನಿಸಿತು. ಕುರಿಗಾರನ ಮುದಿ ತಾಯಿ ಕೆರೆಯ ದಂಡೆಯ ಮೇಲೆ ಕುರಿಮರಿಗಳನ್ನು ಬಿಟ್ಟುಕೊಂಡು ಕೂತಿದ್ದಳು. ನಾನು ಅವಳ ಕಾಲ ಹತ್ತಿರ ಕೂತೆ.

"ಆಯಿ, ನನ್ನ ಆಣಿ ಇಳಸು," ಅಂದೆ. "ಏನ್ ಕೇಳ್ತಿ ಕೇಳು, ಕೊಡ್ತೇನಿ. ನನ್ನ ಮಗನ್ನ ಬಿಡು."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿನ್ನ ಮಗನ ಮ್ಯಾಲೆ ಎಲ್ಲೈತಿ ಈಗ? ಮೊನ್ನಿ ನಿಮ್ಮಣ್ಣ ಬಂದಿದ್ರಲ್ಲ."

"ಇಲ್ಲಿಗೆ?"

"ಹೂಂ. ಗಾಡಿ ದೂರ ನಿಲ್ಲಿಸಿ ನಡಕೋತ ಬಂದ್ರು. ಗುಡಿ ತೆಗಸಿ ಭಂಡಾರ ಮುಟ್ಟಿದ್ರು. ನನ್ನ ತಂಗಿ ಹೊತ್ತಿದ್ದು ನಾ ಹೊತ್ತೇನಿ, ತಪ್ಪಿದ್ರ ನನ್ನ ಮ್ಯಾಲೆ ಬರ್ಲಿ ಅಂದ್ರು. ಇಳಸೂದು ನನ್ನ ಕೈಯಾಗಿಲ್ಲ ಯವ್ವಾ. ಹೊರಿ ಒಬ್ಬರ ತಲಿಮ್ಯಾಗಿಂದ ಇನ್ನೊಬ್ಬರ ತಲಿಮ್ಯಾಗ ಹೋಗತೈತಿ. ನೆಲಕ್ಕ ಬೀಳಂಗಿಲ್ಲ."

ಮಗ ಉಳಿದ ಎಂದು ಮೊದಲು ಅನ್ನಿಸಿತು. ಉಸಿರು ಬಿಟ್ಟೆ. ಆ ಉಸಿರು ಪೂರ್ತಿ ಹೊರಗೆ ಬರುವ ಮುಂಚೆಯೇ ಅಣ್ಣನ ಬಿಳಿಚಿದ ಮುಖ ಕಣ್ಣಿಗೆ ಬಂತು. ಅಲ್ಲಿಂದ ನೇರವಾಗಿ ವಿಜಯಪುರಕ್ಕೆ ಹೋದೆ.

ಅಣ್ಣನ ಮನೆಯ ಹೊರಗೆ ಟಿಕೆಟ್ ಕೇಳುವವರು ತುಂಬಿದ್ದರು. ಒಳಗಿನ ಕೋಣೆಯಲ್ಲಿ ಅವನೊಬ್ಬನೇ, ಮೇಜಿನ ಮೇಲೆ ದಿಲ್ಲಿಗೆ ಕಳಿಸುವ ಪಟ್ಟಿ. ನಮ್ಮ ಕ್ಷೇತ್ರದ ಎದುರು ನನ್ನ ಹೆಸರು ಬರೆದಿತ್ತು.

"ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದೆ.

"ನೀ ಮುಟ್ಟಿದ ದಿನನ. ಹಂತಾ ಸುದ್ದಿ ಮುಚ್ಚಿಡಾಕ ಆಗತೈತೇನ?"

"ಐದು ವರ್ಷ ನನ್ನ ಮಗನ ತಲಿಮ್ಯಾಲೆ ಅದು ಇತ್ತು. ಗೊತ್ತಿದ್ದೂ ಸುಮ್ಮ ಕುಂತಿ."

"ಓಟ ಬಂದಿದ್ವು," ಅಂದ. ನನ್ನ ಮುಖ ನೋಡಲಿಲ್ಲ. "ನಾ ಅಧ್ಯಕ್ಷ ಆಕ್ಕೀನಂತ ಯಾರು ತಿಳದಿದ್ರು?"

ಅವನ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹಿರಿಯ ಅಣ್ಣ, ಹೊರಗೆ ಅಷ್ಟು ಜನ. ಹಲ್ಲು ಕಚ್ಚಿ, "ನೀ ಇದನ್ನೆಲ್ಲ ನಂಬಾಂವಲ್ಲ. ಮುದುಕಿ ಮುಂದ ನಾಟಕ ಮಾಡಿ ಬಂದೆಲ್ಲ?" ಅಂದೆ.

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ನಂಬಲಿಲ್ಲಂದ್ರ ಅದನ್ನ ನಿನ್ನ ಮಗನ ಮ್ಯಾಲೆನ ಬಿಡ್ತಿದ್ದೆ," ಅಂದ.

ನಾನು ಕುರ್ಚಿ ಎಳೆದುಕೊಂಡು ಕೂತೆ. ಜೀವನದುದ್ದಕ್ಕೂ ಅಂಜದವನು ಎಂದು ನಾವೆಲ್ಲ ತಿಳಿದಿದ್ದವನು ನನ್ನಷ್ಟೇ ಹೆದರಿದ್ದ. ಹೆದರಿಯೂ ನನ್ನ ಹೆಸರನ್ನೇ ಬರೆದಿದ್ದ. ಕುರ್ಚಿ ಮನೆಯಿಂದ ಹೊರಗೆ ಹೋಗುವುದು ಅವನಿಗೆ ಸಾವಿಗಿಂತ ಕಷ್ಟವಾಗಿತ್ತು. ನನ್ನಲ್ಲಿ ಒಂದು ಕ್ಷಣ ಹುಟ್ಟಿದ ಆಸೆ ಅವನಲ್ಲಿ ಹದಿನೈದು ವರ್ಷ ಬೆಳೆದಿತ್ತು.

"ನನ್ನ ಹೆಸರು ಹೊಡಿ," ಅಂದೆ. "ಅವನ ಹೆಸರು ಬರಿ."

"ಬರದ್ರೂ ದಿಲ್ಲ್ಯಾಗ ಉಳೀತೈತಂತ ಖಾತ್ರಿ ಇಲ್ಲ. ನಾ ಬರದದ್ದೆಲ್ಲ ಉಳಿಯಂಗಿದ್ರ ಇಷ್ಟ್ಯಾಕ ಅಂಜತಿದ್ದೆ?"

"ಉಳೀಲಿ ಬಿಡ್ಲಿ. ಬರಿ."

ಅವನು ಪೆನ್ನಿನ ಮುಚ್ಚಳ ತೆಗೆದ. ಹೊರಗೆ ಯಾರೋ ಅವನ ಹೆಸರಿಗೆ ಜೈಕಾರ ಹಾಕುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಬಾವಿಗೆ ಇಳಿಯುವ ಮುಂಚೆ ಅವ್ವನನ್ನು ಕೇಳುತ್ತಿದ್ದ ದನಿಯಲ್ಲಿ ಕೇಳಿದ. "ಬರದ್ರ ನನಗೇನೂ ಆಗಂಗಿಲ್ಲೇನಬೇ?"

ನನಗೆ ಗೊತ್ತಿರಲಿಲ್ಲ. "ಏನೂ ಆಗಂಗಿಲ್ಲ," ಅಂದೆ.

ಅಣ್ಣ ನನ್ನ ಹೆಸರು ಹೊಡೆದು ಮಮದಾಪುರದವನ ಹೆಸರು ಬರೆದ. ಪಟ್ಟಿ ದಿಲ್ಲಿಗೆ ಹೋಗಿ ಹನ್ನೆರಡು ದಿನವಾಯಿತು. ಆ ಹೆಸರು ಉಳಿಯಿತೋ ಇಲ್ಲವೋ, ಅಲ್ಲಿಂದ ಸುದ್ದಿ ಇನ್ನೂ ಬಂದಿಲ್ಲ.