ಸ್ಟೀಲ್ ಲೋಟದ ಮಾಲ್ಟ್

ವಸುಧಾ, ಅಂದು ಮೋಹನ ನಿಮ್ಮ ಮುಂದೆ ಹೇಳಿದ್ದು ನಿಜ. ಸುಳ್ಳು ಹೇಳಿದವನು ನಾನು. ಅವನಾಗಿ ಕುಡಿಯಲಿಲ್ಲ — ನಾನು ಕುಡಿಸಿದೆ.

ಎರಡು ಸಾವಿರದ ಆರರ ಮಾತು. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದೇ ಔಷಧ ಕಾರ್ಖಾನೆಯಲ್ಲಿ, ದೇಶ ಬಿಟ್ಟು ಬಂದಿದ್ದ ನಾವಿಬ್ಬರೂ ಕೆಮಿಸ್ಟ್‌ಗಳು. ಮೋಹನ ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ನನಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದದ್ದೂ ಅದೇ ಸುಮಾರಿಗೆ. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಹಾಗಾಯ್ತು ನಿಮ್ದು" ಎಂದು ನನ್ನಾಕೆ ಅಣಕಿಸುತ್ತಿದ್ದಳು.

ಆ ಸಲ ಮಾಡಿದ್ದು ಪೋರ್ಟರ್, ಡಿಕಾಕ್ಷನ್‌ನಷ್ಟು ಕಪ್ಪಗಿನ ಕಡಕ್ ಬಿಯರ್. ಬಾರ್ಲಿ ಮಾಲ್ಟನ್ನು ಓವನ್ನಿನಲ್ಲಿ ಹುರಿದೆ. ಪಕ್ಕದ ದೇಶ ಉಗಾಂಡದಿಂದ ತರಿಸಿದ ವೆನಿಲಾ ಕೋಡುಗಳನ್ನು ಸೀಳಿ, ರಾಯಭಾರ ಕಚೇರಿಗಳಿರುವ ಗಿಗಿರಿ ಬಡಾವಣೆಯ ಪರಿಚಯದವರೊಬ್ಬರು ಕೊಟ್ಟ ಬರ್ಬನ್ ವಿಸ್ಕಿಯಲ್ಲಿ ಎರಡು ವಾರ ನೆನೆಸಿ, ಹುಳಿತು ತಿಳಿಯಾದ ಬಿಯರಿಗೆ ಸುರಿದೆ. ಅಷ್ಟು ಚೆನ್ನಾಗಿ ಮತ್ತೆಂದೂ ಆಗಲಿಲ್ಲ. ಬಂದವರೆಲ್ಲ ಹೊಗಳಿದರು. ಆದರೆ ನನಗೆ ಬೇಕಿದ್ದದ್ದು ಮೋಹನನ ಒಂದು ಮಾತು. ರುಚಿ ಗೊತ್ತಿದ್ದ ನಾಲಿಗೆ ಅವನದೊಂದೇ ಎಂಬ ಹಟ — ಹಟವೋ, ನನ್ನನ್ನು ಬಿಟ್ಟು ಅವನೊಬ್ಬನೇ ಒಳ್ಳೆಯವನಾದನೆಂಬ ಹೊಟ್ಟೆಕಿಚ್ಚೋ...

ಶನಿವಾರ ಮಧ್ಯಾಹ್ನ ಮೋಹನ ಟ್ರಾಫಿಕ್ ಜಾಮ್‌ನಲ್ಲಿ ಬೆಂದು ಬಂದ. ನನ್ನಾಕೆ ಮನೆಯಲ್ಲಿರಲಿಲ್ಲ. ಶನಿವಾರಗಳಂದು ಅವಳು ವಿಂಬಿ ಹಿಟ್ಟಿನಲ್ಲಿ — ಇಲ್ಲಿ ರಾಗಿಗೆ ಹಾಗೆನ್ನುತ್ತಾರಲ್ಲ — ಮಾಲ್ಟ್ ಮಾಡಿ ತಣ್ಣಗಿಡುವುದು ಅವನಿಗೆ ಗೊತ್ತಿತ್ತು. ನಾನು ಗಾಜಿನ ಗ್ಲಾಸು ಮುಟ್ಟಲಿಲ್ಲ. ಬೇಕೆಂದೇ ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ನೊರೆ ಇಳಿಯುವ ತನಕ ಅಡುಗೆಮನೆಯಲ್ಲೇ ನಿಂತೆ.

"ಏನೋ ಗೋಪಿ, ಇದು?"

"ಮಾಲ್ಟ್ ಕಣೋ. ಕುಡಿ."

ಬಾಯಾರಿದ್ದ. ಗಟಗಟ ಅರ್ಧ ಲೋಟ ಇಳಿಸಿ, ನಿಲ್ಲಿಸಿ, ನನ್ನ ಮುಖ ನೋಡಿದ. ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಉಳಿದರ್ಧವನ್ನೂ ಕುಡಿದು "ಚೆನ್ನಾಗಿದೆ" ಎಂದ. ನನಗೆ — ಬರೆಯಲು ನಾಚಿಕೆಯಾಗುತ್ತದೆ — ಖುಷಿಯಾಯಿತು. ಮುಂದಿನ ಲೋಟಗಳನ್ನೂ ನಾನೇ ತುಂಬಿದೆ.

ಮರುದಿನ ಬೆಳಿಗ್ಗೆ ಐದು ವರ್ಷದ ಅದಿತಿಯನ್ನು ಎತ್ತಿಕೊಂಡು ನೀವು ನಮ್ಮ ಬಾಗಿಲಿಗೆ ಬಂದಿರಿ.

"ಗೋಪಣ್ಣ, 'ಮಾಲ್ಟ್ ಅಂತ ಗೋಪಿನೇ ಕೊಟ್ಟ' ಅಂತ ನಮ್ಮನೆಯವ್ರು ಇವಳ ತಲೆ ಮುಟ್ಟಿ ಆಣೆ ಮಾಡಿದಾರೆ. ನಿಜಾನಾ? ನೀವ್ ಏನ್ ಹೇಳಿದ್ರೂ ನಂಬ್ತೀನಿ."

"ಇಲ್ಲಮ್ಮ. ಫ್ರಿಜ್‌ನಿಂದ ಅವನೇ ತಗೊಂಡ."

ಮಗುವಿನ ನೆತ್ತಿಯನ್ನು ಸೆರಗಿನಿಂದ ಒರೆಸಿದಿರಿ. ಕುಡಿದದ್ದನ್ನು ನೀವು ಕ್ಷಮಿಸುತ್ತಿದ್ದಿರಿ, ಹಿಂದೆಯೂ ಕ್ಷಮಿಸಿದ್ದಿರಿ. ಮಗಳ ತಲೆಯ ಮೇಲೆ ಇಟ್ಟ ಸುಳ್ಳಾಣೆಯನ್ನು ಯಾವ ತಾಯಿ ಕ್ಷಮಿಸುತ್ತಾಳೆ? ತಿಂಗಳೊಳಗೆ ಅವನನ್ನು ಬಿಟ್ಟು ಮಗಳೊಂದಿಗೆ ಮೈಸೂರಿಗೆ ಹೊರಟಿರಿ.

ಮೋಹನ ಮತ್ತೆ ಕುಡಿತಕ್ಕೆ ಬಿದ್ದ. ಮೂರು ವರ್ಷ ನನ್ನ ಕಣ್ಣೆದುರೇ ಸವೆದ. ಒಮ್ಮೆಯೂ ನನ್ನನ್ನು ದೂರಲಿಲ್ಲ. ಆಸ್ಪತ್ರೆಯಲ್ಲಿ, ಕೊನೆಯ ವಾರ ಮಾತ್ರ, "ಅವಳಿಗೊಂದ್ ಫೋನ್ ಮಾಡಿ ಹೇಳ್ತೀಯೇನೋ?" ಎಂದ. ಏನನ್ನು ಎಂದು ನಾನು ಕೇಳಲಿಲ್ಲ. "ನಾಳೆ ಮಾಡ್ತೀನಿ" ಎಂದೆ. ಮಾಡಲಿಲ್ಲ. ಅವನು ಹೋದ ಮೇಲೂ — ಇಷ್ಟು ವರ್ಷ —

ಕ್ಷಮಿಸಿ ಎನ್ನುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಈ ಕಾಗದವನ್ನು ಅದಿತಿಯ ಕೈಗೆ ಕೊಡಿ. ಅಪ್ಪ ತನ್ನ ತಲೆ ಮುಟ್ಟಿ ಸುಳ್ಳು ಹೇಳಿದನೆಂದೇ ಅವಳು ನಂಬಿ ಬೆಳೆದಿದ್ದಾಳೆ. ಅವನು ಸುಳ್ಳು ಹೇಳಿರಲಿಲ್ಲ.