ಹತ್ತದೆ ಬಿಟ್ಟ ಗುಡ್ಡ

ಜಯರಾಮು ಶೈಲಮ್ಮನಿಗೆ ಒಂದು ತೊಡೆ ಬಾಕಿ ಇಟ್ಟುಕೊಂಡಿದ್ದಾನೆ. ಜಿಂಕೆಯ ಹಿಂದಿನ ತೊಡೆ, ಮೂಳೆ ಸಮೇತ. ಮಾತು ಕೊಟ್ಟು ಎರಡು ವರ್ಷ ಕಳೆಯಿತು. ಅಮೆರಿಕದ ಪಾರ್ಸಿಪನಿ ಊರಿನ ಮಗನ ಮನೆಯಲ್ಲಿ ಸೋಫಾದ ಮೇಲೆ ಕಾಲು ಮಡಚಿ ಕೂರುವ ಎಂಬತ್ಮೂರರ ಆ ಮುದುಕಿ, ಕಳೆದ ದೀಪಾವಳಿಯವರೆಗೂ ಅವನನ್ನು ಕಂಡಾಗಲೆಲ್ಲ ಕೇಳುತ್ತಿದ್ದಳು.

"ಲೋ ಜಯರಾಮು, ನನ್ನ ಪಾಲು ಎಲ್ಲೋ?"

"ಈ ಸಲ ಬರುತ್ತೆ ಕಣಮ್ಮ."

"ಹೋದ್ಸಲಾನೂ ಹಿಂಗೇ ಅಂದೆ. ಬಾಯಲ್ಲಿ ನಾಕು ಹಲ್ಲಿರೋವಾಗ್ಲೇ ತಾರಪ್ಪ. ಆಮೇಲೆ ತಂದ್ರೆ ನೆಕ್ಕೊಂಡು ಕೂತ್ಕೊಳ್ಳಾ?"

ಮನೆಯಲ್ಲಿದ್ದವರೆಲ್ಲ ನಗುತ್ತಿದ್ದರು. ಜಯರಾಮುವೂ ನಗುತ್ತಿದ್ದ. ಮುದುಕಿಯ ಮೊಮ್ಮಗಳು ಸಿರಿ ಮಾತ್ರ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಜಯರಾಮುಗೆ ಈಗ ಐವತ್ತೊಂಬತ್ತು. ಜರ್ಸಿ ಸಿಟಿಯ ನದಿ ದಂಡೆಯ ಒಂದು ದೊಡ್ಡ ಕಟ್ಟಡದ ಬಾಯ್ಲರ್ ರೂಮು ಅವನ ಸುಪರ್ದಿಯಲ್ಲಿದೆ. ಮೇಲೆ ನಲವತ್ತು ಮಹಡಿ ಜನ ಬೆಚ್ಚಗಿರಬೇಕಾದರೆ ಕೆಳಗೆ ಇವನು ಬೆವರಬೇಕು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವನು ಪರದೆಯ ಮೇಲಿನ ಹಸಿರು ದೀಪವನ್ನು ನಂಬಿದವನಲ್ಲ. ಹೊಸದಾಗಿ ಸೇರಿದ ಯಾರಾದರೂ "ಎಲ್ಲಾ ಸರಿ ಇದೆ" ಎಂದರೆ, "ಕಂಪ್ಯೂಟರ್ ಹೇಳ್ತೋ, ನೀನು ಹೇಳ್ತಿದೀಯೋ? ಇಳಿದು ಹೋಗಿ ಪೈಪ್ ಮುಟ್ಟಿ ಬಾ" ಎಂದು ಮೂರು ಮಹಡಿ ಕೆಳಕ್ಕೆ ಓಡಿಸುತ್ತಾನೆ. ಮ್ಯಾನೇಜರ್ ಆದರೂ ಸೈ, ಬಿಡುವವನಲ್ಲ. ಇಂಥವನು ಒಂದು ಗುಡ್ಡ ಹತ್ತಲಿಲ್ಲ. ಅವನ ಬದುಕಿನ ಬಗ್ಗೆ ಹೇಳಬೇಕಾದದ್ದು ಬಹಳವಿದ್ದರೂ ಕೊನೆಗೆ ಅಲ್ಲಿಗೇ ಬರಬೇಕಾಗುತ್ತದೆ.

ಹನೂರಿನ ಕಡೆಯವನು. ಅವನ ಅಪ್ಪನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ಬೇಟೆ ನಿಷೇಧದ ಕಾನೂನು ಬಂದ ಮೇಲೂ ಕೆಲವು ವರ್ಷ ಅದು ಅಟ್ಟದ ಮೇಲೆ ಸುಮ್ಮನೆ ಮಲಗಿರಲಿಲ್ಲ. ಅವರ ಬೇಟೆಯಲ್ಲಿ ಒಂದು ಕಟ್ಟುಪಾಡು. ಈಡಾದ ಮೇಲೆ ಹೊಡೆದವನು ನಿಂತ ಜಾಗದಿಂದ ಕದಲಬಾರದು. ಗುಂಪಿನ ಹಿರಿಯ "ತಾಗಿತು" ಅಂದರೆ ಎಲ್ಲರೂ ಹುಡುಕಬೇಕು, "ತಪ್ಪಿತು" ಅಂದರೆ ತಲೆ ತಗ್ಗಿಸಿ ಮುಂದಕ್ಕೆ ನಡೆಯಬೇಕು. ಎದುರು ಮಾತಿಲ್ಲ. ಅಲ್ಲಿ ಅದು ನಡೆಯುತ್ತಿತ್ತು. ಹಿಡಿ ಚರೆ ತುಂಬಿದ ಕೋವಿಗೆ ಇಪ್ಪತ್ತು ಮಾರು ದೂರದಲ್ಲಿ ಸಿಕ್ಕ ಮಿಕ ಕಣ್ಣೆದುರೇ ಉರುಳುತ್ತಿತ್ತು. ಹಿರಿಯನಿಗೆ ತೀರ್ಪು ಹೇಳುವುದು ಕಷ್ಟವಿರಲಿಲ್ಲ. ಜಯರಾಮು ಆ ಕಟ್ಟುಪಾಡನ್ನೇ ಎತ್ತಿಕೊಂಡು ಬಂದು, ಲೈಸೆನ್ಸು, ಕಿತ್ತಳೆ ಬಣ್ಣದ ಜಾಕೆಟ್ಟುಗಳ ಜೊತೆ ನ್ಯೂಯಾರ್ಕಿನ ಕ್ಯಾಟ್ಸ್‌ಕಿಲ್ ಗುಡ್ಡಗಳಲ್ಲಿ ನಡೆಸುತ್ತಿದ್ದ. ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವ ಬಿಳಿಯರನ್ನು ಕಂಡರೆ ಅವನಿಗೆ ತಾತ್ಸಾರ. "ಬಸ್ ಕಾಯೋರು" ಎನ್ನುತ್ತಿದ್ದ. ತಾನು ನಡೆದೇ ಬೇಟೆಯಾಡುವವನು.

ಪ್ರತಿ ವರ್ಷ ಹತ್ತು ಹದಿನೈದು ಕನ್ನಡದ ಮನೆಗಳಿಗೆ ಅವನಿಂದ ಜಿಂಕೆ ಮಾಂಸ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಹೆಂಡತಿ ಗೌರಮ್ಮ ಎಲ್ಲೋ ಓದಿಕೊಂಡು ಬಂದು, "ಸೀಸದ ಚೂರು ಮಾಂಸದಲ್ಲಿ ಉಳಿಯುತ್ತಂತೆ. ಆ ಮನೆಗಳಲ್ಲಿ ಮಕ್ಕಳು ತಿಂತಾವೆ ಕಣ್ರೀ" ಎಂದಳು. ಮಾತು ಸರಿಯಾಗಿಯೇ ಇತ್ತು. ಅವನು ತಾಮ್ರದ ಗುಂಡು ತಂದ. ಶೂಟಿಂಗ್ ರೇಂಜಿಗೆ ಹೋಗಿ ಕಾಗದಕ್ಕೆ ಹೊಡೆದು ನೋಡಿದ. ಮೂರು ಗುಂಡು ಒಂದು ರೂಪಾಯಿ ಬಿಲ್ಲೆಯಗಲದಲ್ಲಿ ಕೂತವು. ಕಾಗದದಲ್ಲಿ ತೂತು ಕಂಡದ್ದೇ ಸಾಕಾಯಿತು. ಮೈಯೊಳಗೆ ಹೊಕ್ಕ ಮೇಲೆ ಗುಂಡಿನ ಮೂತಿ ಹೂವಿನಂತೆ ಅರಳಬೇಕು, ಆಗಲೇ ಮಿಕ ಬೇಗ ಬೀಳುವುದು. ತನ್ನ ಹಳೆಯ ಗಿಡ್ಡ ಕೋವಿಯ ವೇಗಕ್ಕೆ ಈ ಗುಂಡು ಅರಳುತ್ತದೆಯೇ ಎಂದು ಮಾತ್ರ ನೋಡಲಿಲ್ಲ.

ಆ ನವೆಂಬರಿನಲ್ಲಿ ಸಿರಿ ಜೊತೆಗೆ ಬಂದಳು. ಮ್ಯಾನ್‌ಹಟನ್ನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ, ಇಪ್ಪತ್ತೆಂಟು ವರ್ಷ. ಬೇಟೆಯ ಕ್ಲಾಸು ಮುಗಿಸಿ, ಪರೀಕ್ಷೆ ಪಾಸು ಮಾಡಿ, ಅಜ್ಜಿಗೆ ತೊಡೆ ತಂದೇ ತರುತ್ತೇನೆಂದು ಹೊರಟವಳು. "ಅವಳ ಮೊದಲ ಬೇಟೆ, ತೊಡೆ ನಿಮಗೇ" ಎಂದು ಮುದುಕಿಗೆ ಮಾತು ಕೊಟ್ಟವನು ಜಯರಾಮು.

ಬೆಳಗಿನಿಂದ ನಡೆದರು. ಹತ್ತು ಹೆಜ್ಜೆ, ನಿಲ್ಲು, ಕೇಳು, ಮತ್ತೆ ಹತ್ತು ಹೆಜ್ಜೆ. ಓಕ್ ಮರಗಳ ಒಣಗಿದೆಲೆ ಕಾಲಡಿ ಹಪ್ಪಳದಂತೆ ಮುರಿಯುತ್ತಿತ್ತು. ಹನ್ನೊಂದರ ಹೊತ್ತಿಗೆ ಎದುರಿನ ಇಳಿಜಾರಿನಲ್ಲಿ ಒಂದು ಗಂಡು ಜಿಂಕೆ ಅಡ್ಡಲಾಗಿ ಬಂದು ನಿಂತಿತು. ಸಿರಿ ಜಯರಾಮುವಿನ ಆ ಗಿಡ್ಡ ಕೋವಿಯನ್ನು ಮರಕ್ಕೆ ಆನಿಸಿ ಗುರಿ ಹಿಡಿದು, ಉಸಿರು ಬಿಟ್ಟು, ಕುದುರೆ ಎಳೆದಳು.

ಜಿಂಕೆ ಬೀಳಲಿಲ್ಲ, ನೆಗೆಯಲೂ ಇಲ್ಲ. ತಲೆಯೆತ್ತಿ ಒಮ್ಮೆ ನೋಡಿ, ಬೇಸರವಾದವರು ಮದುವೆ ಮನೆಯಿಂದ ಏಳುವಂತೆ ನಾಲ್ಕು ಹೆಜ್ಜೆ ನಡೆದು, ಬಂಡೆಗಳ ಸಂದಿನಲ್ಲಿ ಮೇಲಕ್ಕೆ ಹತ್ತಿ ಮರೆಯಾಯಿತು.

"ತಪ್ಪಿತು" ಎಂದ ಜಯರಾಮು.

"ನೋ ಅಂಕಲ್, ಐ ಥಿಂಕ್ ಇಟ್ ವಾಸ್ ಗುಡ್. ಹೋಗಿ ಚೆಕ್ ಮಾಡೋಣ."

"ತಾಗಿದ್ರೆ ಹಂಗೆ ವಾಕಿಂಗ್ ಹೋಗ್ತಿತ್ತಾ? ಮೊದಲ್ನೇ ಸಲ, ಎಲ್ಲಾರ್ದೂ ತಪ್ಪುತ್ತೆ ಬಿಡು ಮಗ."

"ಕ್ಲಾಸಲ್ಲಿ ಹೇಳಿದ್ರು, ಪ್ರತಿ ಶಾಟ್ ಆದ್ಮೇಲೂ ಹೋಗಿ ನೋಡ್ಲೇಬೇಕು ಅಂತ."

"ಕ್ಲಾಸು! ನಾನು ಚಡ್ಡಿ ಹಾಕೋಕ್ ಮುಂಚೆ ಕಾಡು ನೋಡಿದೋನು. ಮೇಲೆ ಹತ್ತಿದ್ರೆ ಇರೋ ಬರೋ ಜಿಂಕೆ ಎಲ್ಲಾ ಓಡುತ್ವೆ. ನಡಿ ಈ ಕಡೆ."

ಸಿರಿ ಆ ಬಂಡೆಗಳನ್ನು ನೋಡಿದಳು, ಅವನ ಮುಖ ನೋಡಿದಳು. ಅಂಕಲ್ ಮಾತಿಗೆ ಎದುರಾಡಬಾರದೆಂದು ಬೆಳೆಸಿದ ಮನೆಯವಳು. ಅವನ ಹಿಂದೆ ಇಳಿದಳು.

ಜಿಂಕೆ ಮರೆಯಾಗುವಾಗ ಅದರ ಬಾಲ ಕೆಳಗಿತ್ತು. ಗುಂಡು ತಪ್ಪಿದ ಜಿಂಕೆ ಬಿಳಿ ಬಾಲವನ್ನು ಬಾವುಟದಂತೆ ಎತ್ತಿಕೊಂಡು ಓಡುತ್ತದೆ. ತಗುಲಿದ್ದು ಬಾಲ ಅಮುಕಿಕೊಂಡು ಹೋಗುತ್ತದೆ. ಹದಿನೇಳು ವರ್ಷ ಅಲ್ಲಿ ನಡೆದವನಿಗೆ ಅದು ಗೊತ್ತು. ಜಯರಾಮು ಆ ಬಾಲವನ್ನು ಕಂಡಿದ್ದ. ಅವನ ಬಲಮಂಡಿ ಬೆಳಗಿನಿಂದ ಕೀಲಿಗೆ ಮರಳು ಹೊಕ್ಕಂತೆ ಕರಕರ ಎನ್ನುತ್ತಿತ್ತು. ಬಂಡೆ ಸಾಲು ನೆಟ್ಟಗೆ ನಿಂತಿತ್ತು. ಇಷ್ಟೇ ವಿಷಯ.

ಆ ದಿನ ಮತ್ತೇನೂ ಸಿಗಲಿಲ್ಲ. ಮೋಟೆಲ್‌ನಲ್ಲಿ ಉಳಿದು ಮರುದಿನ ಬೆಳಗ್ಗೆ ಹೋದಾಗ ಅದೇ ಬಂಡೆಗಳ ಮೇಲೆ ಕಾಗೆಗಳು ಕೂಗುತ್ತಿದ್ದವು. ಸಿರಿ ನೇರ ಹತ್ತಿದಳು. ಜಯರಾಮು ಹಿಂದೆ, ಮಂಡಿ ಹಿಡಿದುಕೊಂಡು. ಗುಂಡು ಹೊಡೆದ ಜಾಗದಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ. ಜಿಂಕೆ ಒಂದು ಮರದ ಬುಡದಲ್ಲಿ ಬಿದ್ದಿತ್ತು. ಕಾಡುನಾಯಿಯಂಥ ಕೊಯೋಟಿಗಳು ಹಿಂಭಾಗದಿಂದ ಶುರು ಮಾಡಿದ್ದವು. ಎರಡೂ ತೊಡೆ ಇರಲಿಲ್ಲ.

ಪಕ್ಕೆಲುಬು ಹಾಗೇ ಇತ್ತು. ಸಿರಿ ಗ್ಲೌಸು ಹಾಕಿಕೊಂಡು ಕೂದಲು ಬಿಡಿಸಿ ನೋಡಿದಳು. ಈ ಕಡೆ ಕಡಲೆಕಾಳಿನಷ್ಟು ತೂತು, ಆ ಕಡೆಯೂ ಅಷ್ಟೇ. ಗೋಣಿಚೀಲಕ್ಕೆ ದಬ್ಬಣ ಹೊಕ್ಕು ಹೊರಬಂದಂತೆ ಗುಂಡು ಪುಪ್ಪುಸದ ನಡುವೆ ಹಾದುಹೋಗಿತ್ತು. ರಕ್ತವೆಲ್ಲ ಒಳಗೇ ಇಳಿದಿತ್ತು. ಅದಕ್ಕೇ ಇಳಿಜಾರಿನ ಎಲೆಗಳ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಗುಂಡು ಅರಳಿಲ್ಲ ಮಗ" ಎಂದ ಜಯರಾಮು. "ಕೈ ಕೊಡ್ತು, ಬಡ್ಡೀಮಗಂದು."

ಸಿರಿ ಲೈಸೆನ್ಸಿನ ಜೊತೆ ಬಂದಿದ್ದ, ಹೊಡೆದ ಒಂದು ಜಿಂಕೆಗೆ ಒಂದರಂತೆ ಕಟ್ಟುವ ಟ್ಯಾಗು ತೆಗೆದು ದಿನಾಂಕ ಬರೆಯತೊಡಗಿದಳು.

"ಅಯ್ಯೋ, ತಿನ್ನೋಕಾಗದೇ ಇರೋದಕ್ಕೆ ಟ್ಯಾಗ್ ಯಾಕೆ ವೇಸ್ಟ್ ಮಾಡ್ತೀಯಾ? ಇನ್ನೊಂದು ಹೊಡೀಬಹುದಲ್ಲ."

"ಐ ಕಿಲ್ಡ್ ಇಟ್, ಅಂಕಲ್. ಇದು ನಂದು."

ವಾಪಸು ಬರುವಾಗ ಎರಡು ಗಂಟೆ ಡ್ರೈವ್ ಮಾಡಿದವಳು ಅವಳೇ. ಇಡೀ ದಾರಿ ಅವನೊಬ್ಬನೇ ಮಾತಾಡಿದ, ಗುಂಡಿನ ಬಗ್ಗೆ.

ಆಮೇಲೆ ಅವನು ಮಾಡಬೇಕಾದ ತನಿಖೆಯೆಲ್ಲ ಮಾಡಿದ. ನೀರು ತುಂಬಿದ ಕ್ಯಾನುಗಳನ್ನು ಸಾಲಾಗಿಟ್ಟು ಉಳಿದ ಗುಂಡುಗಳನ್ನು ಹೊಡೆದ. ಕೆಲವು ಅರಳಿದವು, ಕೆಲವು ಹೋದ ಹಾಗೇ ಹೊರಬಂದವು. ಕಂಪನಿಗೆ ಬರೆದ; ಅವರು ವಿಷಾದ ಹೇಳಿ ಒಂದು ಕೂಪನ್ ಕಳಿಸಿದರು. ಅಲ್ಲಿಂದ ಯಾರ ಮನೆಗೆ ಹೋದರೂ ಅದೇ ಕಥೆ. ಕೇಳಿದವರು ಲೊಚಗುಟ್ಟಿ, ತಾಮ್ರ, ಸೀಸ, ವೇಗ ಎಂದು ತಾವೂ ನಾಲ್ಕು ಮಾತು ಸೇರಿಸುತ್ತಿದ್ದರು. ಗುಂಡಿನ ತಪ್ಪು ಎಂದಾದರೆ ಎಲ್ಲರಿಗೂ ಊಟ ಸೇರುತ್ತದೆ.

ಕಳೆದ ದೀಪಾವಳಿಗೆ ಶೈಲಮ್ಮನ ಎದುರು ಅದನ್ನೇ ತೆಗೆದ. ಸಿರಿ ಅಡುಗೆಮನೆಯಿಂದ ಹೊರಗೆ ಬಂದಳು.

"ಅಂಕಲ್, ಬುಲೆಟ್ ತನ್ನ ಕೆಲ್ಸ ಮಾಡ್ತು. ಡೀರ್ ಸತ್ತಿತ್ತು. ವಿ ಡಿಡಂಟ್ ಗೋ."

ಮುದುಕಿ ಅವನ ಕಡೆ ತಿರುಗಿದಳು. "ಅಂದ್ರೆ ನೀನು ಹೋಗಿ ನೋಡ್ಲೇ ಇಲ್ವೇನೋ?"

"ಮಂಡಿ ನೋವಿತ್ತಮ್ಮ."

ಅವನ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಮುದುಕಿ ಅವನನ್ನು ಬಯ್ಯಲಿಲ್ಲ. ತಟ್ಟೆಯಲ್ಲಿದ್ದ ಚಕ್ಕುಲಿ ಮುರಿದು ಬಾಯಿಗಿಟ್ಟುಕೊಂಡಳು. ಅಂದಿನಿಂದ ತನ್ನ ಪಾಲು ಕೇಳುವುದನ್ನು ಬಿಟ್ಟಿದ್ದಾಳೆ. ಕೇಳುತ್ತಿದ್ದಾಗಲೇ ವಾಸಿಯಿತ್ತು ಎನ್ನುತ್ತಾನೆ ಜಯರಾಮು.

ಆಮೇಲಿನ ನವೆಂಬರಿನಲ್ಲಿ ಸಿರಿ ಬರಲಿಲ್ಲ. ಒಬ್ಬನೇ ಹೋದ. ಒಂದು ಈಡು ಹೊಡೆದ. ಜಿಂಕೆ ಬಾವುಟವೆತ್ತಿಕೊಂಡು ಓಡಿತು. ತಪ್ಪಿದ್ದು ಕಣ್ಣಿಗೇ ಕಂಡಿತ್ತು. ಆದರೂ ನಾಲ್ಕು ಗಂಟೆ ಎಲೆ ಸರಿಸಿ ಸರಿಸಿ ಹುಡುಕಿದ. ಗುಂಡು ಒಂದು ಮರದಲ್ಲಿ ಹೂತಿತ್ತು. ಅದರ ಫೋಟೊ ತೆಗೆದು ಸಿರಿಗೆ ಕಳಿಸಿದ. "ಓಕೆ ಅಂಕಲ್" ಎಂದು ಉತ್ತರ ಬಂತು. ಅಷ್ಟೇ. ತೊಡೆ ಇನ್ನೂ ಬಾಕಿ.

ಹೊಸಬರು ಸಿಕ್ಕರೆ ಇವತ್ತಿಗೂ ಅವನು ಗುಂಡು ಅರಳದ ಕಥೆಯಿಂದಲೇ ಶುರು ಮಾಡುತ್ತಾನೆ. ನಾಳೆ ನಿಮ್ಮ ಮುಂದೆಯೂ ಕೂತು ಹೇಳಬಹುದು. ಅವನು ತಂದ ಮಾಂಸ ತಿಂದಿದ್ದೇವೆಂದು ಲೊಚಗುಟ್ಟಿ ತಲೆಯಾಡಿಸಬೇಡಿ. ತಾಮ್ರ, ಸೀಸ ಎಂದು ಅವನಿಗೆ ದಾರಿ ಮಾಡಿಕೊಡಬೇಡಿ. ಅವನ ಮುಖ ನೋಡಿಕೊಂಡೇ ಕೇಳಿ: ಗುಡ್ಡ ಹತ್ತಿದೆಯಾ?